ಗಾಳಿಯಣ್ಣನ ಜೊತೆ ಸಿಗರೇಟು ಬಿಟ್ಟವರು

ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ, ಅವರ ಪಕ್ಕದಲ್ಲಿರುವ ಮಗಳಿಗೆ, ಅಳಿಯನಿಗೆ ನಮಸ್ಕಾರ. ಎದೆರೋಗದ ವಿಭಾಗದ ಡಾಕ್ಟರಮ್ಮನವರಿಗೆ, ಡ್ಯೂಟಿ ಮುಗಿಸಿ ಮನೆಗೂ ಹೋಗದೆ ಬಂದು ಕೂತಿರುವ ನರ್ಸುಗಳಿಗೆ, ವಾರ್ಡಿನವರಿಗೆ, ಅಡುಗೆಮನೆಯವರಿಗೆ, ಗೇಟಿನವರಿಗೆ — ಎಲ್ಲರಿಗೂ ನಮಸ್ಕಾರ. ಡ್ಯೂಟಿಗೆ ಹೊರಟವರೂ ಕೆಲವರು ಬಾಗಿಲ ಬಳಿ ಕಾಣುತ್ತಿದ್ದಾರೆ. ನೀವು ಮಧ್ಯದಲ್ಲಿ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಗಲಿದವರೂ ತಿಳಿಯುವುದಿಲ್ಲ.

ನನಗೆ ಭಾಷಣ ಬರುವುದಿಲ್ಲ. ಈ ಆಸ್ಪತ್ರೆಯ ಲಿಫ್ಟ್ ನಡೆಸುವವನು ನಾನು. ಜನ ಒಳಗೆ ಬರುತ್ತಾರೆ, ಮಹಡಿ ಹೇಳುತ್ತಾರೆ, ಇಳಿದು ಹೋಗುತ್ತಾರೆ. ಅಷ್ಟರೊಳಗೆ ಮುಗಿಯುವ ಮಾತು ನನಗೆ ಅಭ್ಯಾಸ. ಇಷ್ಟು ಜನ ಸುಮ್ಮನೆ ಕೂತು ನನ್ನ ಮುಖ ನೋಡುವುದು ಅಭ್ಯಾಸವಿಲ್ಲ. ಜೊತೆಗೆ — ನಿಜ ಹೇಳುತ್ತೇನೆ — ಸುಸ್ತಾಗಿದೆ. ಇದೇ ಹಾಲಿನಲ್ಲಿ, ಇದೇ ಗೊರಗೊರ ಮೈಕಿನ ಮುಂದೆ, ಈಚೆಗೆ ತುಂಬಾ ಸಲ ಸೇರಿದ್ದೇವೆ. ಮೇಜಿನ ಮೇಲಿನ ಫೋಟೋ ಮಾತ್ರ ಬದಲಾಗುತ್ತದೆ.

ಸಭೆಯ ಮರ್ಯಾದೆಗೆ ನಾನು ‘ಅವರು’ ಎನ್ನಬೇಕು. ಆದರೆ ಬಾಯಿಗೆ ‘ಅವನು’ ಎಂದೇ ಬರುತ್ತದೆ. ಅತ್ತಿಗೆ ಮನ್ನಿಸಬೇಕು.

ಅವನ ನಿಜವಾದ ಹೆಸರು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಕ್ಕಿಲ್ಲ. ವಾರ್ಡಿನಿಂದ ವಾರ್ಡಿಗೆ ಆಮ್ಲಜನಕದ ಸಿಲಿಂಡರು ತಲುಪಿಸುವವನು, ಹಾಗಾಗಿ ಗಾಳಿಯಣ್ಣ. ಹೊಸದಾಗಿ ಸೇರಿದ ನರ್ಸ್ ಒಬ್ಬಳಿಗೆ ಯಾರೋ ಫೋನಿನಲ್ಲಿ, “ಮಕ್ಕಳ ವಾರ್ಡಿಗೆ ಗಾಳಿ ಬರ್ತಿದೆ, ಬಾಗಿಲು ತೆಗೀರಿ” ಎಂದರಂತೆ. ಆ ಹುಡುಗಿ ಓಡಿ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿಸಿದಳು. ಇವನು ಬಾಗಿಲಲ್ಲಿ ನಿಂತು, “ಗಾಳಿ ಕಿಟಕೀಲಿ ಬರಲ್ಲಮ್ಮ, ತಳ್ಳುಗಾಡೀಲಿ ಬರುತ್ತೆ” ಎಂದ.

ಊರಿಗೆಲ್ಲ ಉಸಿರು ಹಂಚುವ ಇವನು ಸಿಗರೇಟು ಸೇದುತ್ತಿದ್ದ. ಎಷ್ಟು ಸೇದುತ್ತಿದ್ದ ಎಂದು ಕೇಳಬೇಡಿ. ಜನರೇಟರ್ ಕೋಣೆಯ ಹಿಂದಿನ ಗೋಡೆ ಇವನು ಒರಗಿ ಒರಗಿ ನುಣುಪಾಗಿತ್ತು. ನಾನೂ ಪಕ್ಕದಲ್ಲೇ ಒರಗುತ್ತಿದ್ದೆ. ಯಾರಾದರೂ ಬುದ್ಧಿ ಹೇಳಿದರೆ ಇವನದು ಒಂದೇ ಉತ್ತರ: “ಚಟ ಅಲ್ಲ ಇದು. ಬಿಡ್ತೀನಿ ಅಂದ್ರೆ ಈಗಲೇ ಬಿಡ್ತೀನಿ. ಬಿಡ್ಬೇಕು ಅಂತ ಅನ್ನಿಸಿಲ್ಲ, ಅಷ್ಟೆ.” ಕಿಸೆಯಲ್ಲಿ ಎರಡೇ ಉಳಿದಿವೆ ಎಂದರೆ ಊಟ ಬಿಟ್ಟು ಅಂಗಡಿಗೆ ಓಡುತ್ತಿದ್ದವನು ಹೇಳುತ್ತಿದ್ದ ಮಾತು ಇದು. ನಾನೂ ತಲೆಯಾಡಿಸುತ್ತಿದ್ದೆ. ಬಿಡ್ತೀವಿ ಅಂದ್ರೆ ಬಿಡ್ತೀವಿ, ಹೌದಪ್ಪ.

ಒಂದು ಮಧ್ಯಾಹ್ನ ನನ್ನ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋಯಿತು.

ಒಳಗೆ ನಾನು, ಗಾಳಿಯಣ್ಣ, ಅವನ ಗಾಡಿಯಲ್ಲಿ ಎರಡು ತುಂಬಿದ ಸಿಲಿಂಡರು, ಮತ್ತೆ ಹೊಲಿಗೆಯಕ್ಕ. ವಾರ್ಡಿನ ಹಾಸಿಗೆ ಹೊದಿಕೆಗಳನ್ನು ಹೊಲಿದು ತೇಪೆ ಹಾಕುವ ನಮ್ಮ ಹೊಲಿಗೆಯಕ್ಕ — ಅಗೋ ಅಲ್ಲಿ, ಕಂಬದ ಪಕ್ಕ ಕೂತಿದ್ದಾಳೆ. ಅವತ್ತು ಒಂದು ಹೊರೆ ಬಟ್ಟೆ ಅವಳ ಕಂಕುಳಲ್ಲಿ. ಫ್ಯಾನ್ ನಿಂತಿತು. ಗಂಟೆ ಒತ್ತಿದೆ, ಕೂಗಿದೆ. ಮೇಲಿನಿಂದ ಯಾರೋ, “ಬಂದ್ವಿ, ಗಾಬರಿಯಾಗ್ಬೇಡಿ” ಎಂದರು. ಯಾರೂ ಬರಲಿಲ್ಲ.

ಒಂದು ಸಿಲಿಂಡರಿನ ಬಾಯಲ್ಲಿ ಸಣ್ಣಗೆ ಸುಸ್ ಎನ್ನುತ್ತಿತ್ತು. ಇವನೇ ಬಗ್ಗಿ ಕಿವಿಗೊಟ್ಟು, ಕೀಲಿ ಹಾಕಿ ಬಿಗಿ ಮಾಡಿದ. “ಈ ಲಿಫ್ಟ್ ಡಬ್ಬದಲ್ಲಿ ಆಮ್ಲಜನಕ ಸೇರ್ಕೊಂಡ್ರೆ ಒಂದು ಕಿಡಿ ಸಾಕು, ನಾವು ಮೂರೂ ಜನ ಹೋದ್ವಿ,” ಎಂದು ನಮಗೇ ಪಾಠ ಮಾಡಿದ. ಆಮೇಲೆ ಗೋಡೆಗೆ ಒರಗಿದ. ಹೊತ್ತು ಹೋಯಿತು. ಮೊದಲು ಕಾಲು ಕುಣಿಸತೊಡಗಿದ. ಆಮೇಲೆ ಹಣೆ ಒರೆಸಿಕೊಂಡ. ಲಿಫ್ಟ್ ಮಾಡಿದವನ ವಂಶವನ್ನೆಲ್ಲ ಬಯ್ದ.

ನಾನು ಬಾಗಿಲ ಸಂದಿನಲ್ಲಿ ಕಣ್ಣಿಟ್ಟು ನಿಂತಿದ್ದೆ. ಹಿಂದೆ ಹೊಲಿಗೆಯಕ್ಕ ಚೀರಿದಳು. ತಿರುಗಿ ನೋಡುತ್ತೇನೆ — ಇವನ ತುಟಿಯಲ್ಲಿ ಸಿಗರೇಟು. ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ. ಹೀಗೆ — ಗೀರಲು ಹೊರಟ ಕೈ. ನಾನು ಮಣಿಕಟ್ಟು ಹಿಡಿದೆ. ಅವಳು ಬಟ್ಟೆಯ ಹೊರೆ ಎಸೆದು ಪೊಟ್ಟಣ ಕಸಿದುಕೊಂಡಳು.

“ತಲೆ ಕೆಟ್ಟಿದ್ಯೇನೋ ನಿಂಗೆ?” ಎಂದೆ.

ಅವನು ತನ್ನ ಕೈಯನ್ನೇ ನೋಡುತ್ತಿದ್ದ. ಬೇರೆ ಯಾರದೋ ಕೈ ನೋಡುವ ಹಾಗೆ. “ನಾನು ತೆಗೀಲಿಲ್ಲ ಕಣೋ,” ಎಂದ.

“ಮತ್ತೆ ಯಾರು ತೆಗೆದ್ರು?”

“ಗೊತ್ತಿಲ್ಲ. ನಾನು ತೆಗೀಲಿಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಕೆಳಗೆ ಕುಸಿದು ಕೂತ. ಆಗ ಹೊಲಿಗೆಯಕ್ಕ — ಇದನ್ನು ಹೇಳಬಹುದೇ ಎಂದು ಇವತ್ತು ಬೆಳಿಗ್ಗೆ ಅವಳನ್ನೇ ಕೇಳಿದೆ, “ಹೇಳು, ಮುಚ್ಚಿಟ್ಟು ನಾನೇನು ಉಪ್ಪಿನಕಾಯಿ ಹಾಕ್ಲಾ?” ಎಂದಳು — ಆಗ ಅವಳು ಅವನ ಪಕ್ಕ ಕೂತು, ಮೆಲ್ಲಗೆ, “ನಂಗೂ ಹಾಗೇ ಆಗ್ತಿದೆ. ಆಗಿನಿಂದ ಬೇಕು ಬೇಕು ಅಂತಿದೆ ಮೈ,” ಎಂದಳು. ಅವಳು ಸೇದುತ್ತಾಳೆಂದು ನಮಗೆ ಗೊತ್ತೇ ಇರಲಿಲ್ಲ. ಗಂಡನಿಗೂ ಗೊತ್ತಿರಲಿಲ್ಲ. ಬಟ್ಟೆ ಒಣಹಾಕುವ ತಾರಸಿಯಲ್ಲಿ, ಒದ್ದೆ ಚಾದರಗಳ ಮರೆಯಲ್ಲಿ, ಎಷ್ಟೋ ವರ್ಷದಿಂದ.

ಕೊನೆಗೆ ಲಿಫ್ಟಿನ ಬಾಗಿಲು ತೆಗೆದು ನಮ್ಮನ್ನು ಹೊರಗೆಳೆದರು. ಸಿಲಿಂಡರು ಮಕ್ಕಳ ವಾರ್ಡಿಗೆ ಹೋಯಿತು. ಇಷ್ಟೆಲ್ಲ ಆದ ಮೇಲೆ ನಾವು ಮೂವರೂ ಏನು ಮಾಡಿದೆವು? ನೆಟ್ಟಗೆ ಜನರೇಟರ್ ಹಿಂದೆ ಹೋಗಿ ಸೇದಿದೆವು. ನಗಬೇಡಿ — ಅಥವಾ ನಗಿ, ಪರವಾಗಿಲ್ಲ, ಅವನೂ ಹೇಳಿಕೊಂಡು ನಗುತ್ತಿದ್ದ. ಅವತ್ತು ಅರ್ಧ ಸೇದಿದ ಮೇಲೆ ಅವನೇ ಬಾಯಿ ಬಿಟ್ಟ: “ಇದು ನಂಗೆ ಬೇಕಾದಾಗ ನಾನು ಸೇದ್ತಿರೋದಲ್ಲ. ಅದಕ್ಕೆ ಬೇಕಾದಾಗ ಅದು ನನ್ನ ಸೇದ್ತಿದೆ.”

ಮರುದಿನ ಮೂವರೂ ಡಾಕ್ಟರಮ್ಮನ ಮುಂದೆ ನಿಂತೆವು. ಅವರು ಮೊದಲು ಕೇಳಿದ್ದು, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂದು. ಇವನು, “ಎದ್ದ ಮೇಲೆ ಅಲ್ಲಮ್ಮ. ಅದಕ್ಕೇ ಏಳೋದು,” ಎಂದ. ಅವರು ನಗಲಿಲ್ಲ. ಇದು ಕೆಟ್ಟ ಬುದ್ಧಿಯೂ ಅಲ್ಲ, ದುರಭ್ಯಾಸ ಎಂದು ಬಯ್ದು ಬಿಡಿಸುವಂಥದ್ದೂ ಅಲ್ಲ, ನಿಕೋಟಿನ್ ಮಿದುಳನ್ನು ಹಿಡಿದುಕೊಂಡಿದೆ, ಔಷಧಿಯೂ ಬೇಕು ಜನವೂ ಬೇಕು ಎಂದರು. ಸಿಗರೇಟಿನ ಬದಲು ಅಗಿಯುವ ನಿಕೋಟಿನ್ ಗಮ್ ಬರೆದುಕೊಟ್ಟರು. “ಆಸೆ ಬಂದಾಗ ಒಬ್ಬರೇ ಇರಬೇಡಿ. ಕೆಲವು ನಿಮಿಷ ದಾಟಿಸಿದ್ರೆ ಅದು ಇಳಿಯುತ್ತೆ. ಆ ಕೆಲವು ನಿಮಿಷಕ್ಕೆ ಯಾರಾದ್ರೂ ಇರ್ಲಿ,” ಎಂದರು.

ಆ ಕೆಲವು ನಿಮಿಷವನ್ನು ನಾವು ನನ್ನ ಲಿಫ್ಟಿನಲ್ಲಿ ಕಳೆದೆವು. ಆಸೆ ಹತ್ತಿದಾಗ ಇವನು ಬಂದು ಮೂಲೆಯಲ್ಲಿ ನಿಲ್ಲುತ್ತಿದ್ದ. ಮೇಲೆ ಹೋಗಿ ಕೆಳಗೆ ಬರುತ್ತಿದ್ದೆವು. ಇಳಿಯದಿದ್ದರೆ ಇನ್ನೊಂದು ಸಲ. ರೋಗಿಗಳ ಕಡೆಯವರು ಇವನನ್ನು ಲಿಫ್ಟ್ ಪರೀಕ್ಷೆ ಮಾಡುವ ಅಧಿಕಾರಿ ಎಂದುಕೊಂಡು ನಮಸ್ಕಾರ ಮಾಡುತ್ತಿದ್ದರು. ಮಾತಾಡುವ ಹಾಗಿರಲಿಲ್ಲ — ಮಾತಾಡಿಸಿದರೆ ಕಚ್ಚುವಂತಿದ್ದ. ಅತ್ತಿಗೆ ಒಂದು ದಿನ ಆಸ್ಪತ್ರೆಗೇ ಬಂದು, “ದಯವಿಟ್ಟು ಇವ್ರಿಗೊಂದು ಸಿಗರೇಟು ಕೊಡ್ಸಿಬಿಡಿ, ಮನೇಲಿ ಇವ್ರ ಜೊತೆ ಇರೋಕಾಗ್ತಿಲ್ಲ” ಎಂದು ಕಣ್ಣೀರು ಹಾಕಿದ್ದರು. ನೆನಪಿದೆಯಲ್ಲ ಅತ್ತಿಗೆ? ಆದರೂ ಅತ್ತಿಗೆ ಕೊಡಿಸಲಿಲ್ಲ. ನಾವೂ ಕೊಡಿಸಲಿಲ್ಲ.

ಬಿಟ್ಟ. ನಾವಿಬ್ಬರೂ ಬಿಟ್ಟೆವು. ತಿಂಗಳುಗಳು ಹೋದವು. ಆಮೇಲೆ ಮಗಳ ಮದುವೆಯ ದಿನ, ಗದ್ದಲದಲ್ಲಿ, ಹಳೆಯ ಗೆಳೆಯನೊಬ್ಬ ಒಂದು ಚಾಚಿದ. ಒಂದು ಎರಡಾಯಿತು, ಎರಡು ಪ್ಯಾಕಾಯಿತು. ನಮಗೆ ಹೇಳಲಿಲ್ಲ. ಕೆಲಸಕ್ಕೆ ಬರುತ್ತಿದ್ದ, ಆದರೆ ಲಿಫ್ಟಿಗೆ ಬರುತ್ತಿರಲಿಲ್ಲ. ನನ್ನ ಕಣ್ಣು ತಪ್ಪಿಸಲು ಸಣ್ಣ ಸಿಲಿಂಡರುಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ! ಒಂದು ದಿನ ಮೆಟ್ಟಿಲ ತಿರುವಿನಲ್ಲಿ, ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು, ಉಸಿರು ಸಿಗದೆ ಕೂತಿದ್ದವನನ್ನು ನಾನೇ ಕಂಡೆ.

“ನಿನ್ನ ಮುಖ ನೋಡೋಕಾಗ್ಲಿಲ್ಲ ಕಣೋ,” ಎಂದ.

“ನೋಡ್ಬೇಡ ಬಿಡು. ಲಿಫ್ಟಿಗೆ ಬಾ, ಗೋಡೆ ನೋಡ್ಕೊಂಡು ನಿಂತ್ಕೋ,” ಎಂದೆ.

ಬಂದ. ಗೋಡೆ ನೋಡಿಕೊಂಡೇ ನಿಂತ. ಅವತ್ತೇ ಪುನಃ ಶುರು ಮಾಡಿದೆವು, ಮೊದಲಿನಿಂದ. ಆಮೇಲೆ ಅವನು ಮತ್ತೆ ಸೇದಲಿಲ್ಲ. ಖಾಲಿ ಸಿಲಿಂಡರು ಇಡುವ ಕೋಣೆಯಲ್ಲಿ ಸಿಗರೇಟು ಬಿಡಬೇಕೆನ್ನುವವರೆಲ್ಲ ವಾರಕ್ಕೊಮ್ಮೆ ಕೂರುವುದು ಶುರುವಾದದ್ದೂ ಆಗಲೇ. ಇಲ್ಲಿರುವ ಹಲವರು ಅಲ್ಲಿಗೆ ಬಂದಿದ್ದೀರಿ. ಬಂದವರೆಲ್ಲ ಬಿಟ್ಟರು ಎಂದು ನಾನು ಹೇಳಿದರೆ ಅವನು ಫೋಟೋದಿಂದ ಎದ್ದು ಬಂದು ಬಯ್ಯುತ್ತಾನೆ. ಕೆಲವರು ಬಿಟ್ಟರು. ಕೆಲವರು ಬಿಟ್ಟು ಹಿಡಿದು ಬಿಟ್ಟು ಹಿಡಿದರು. ಕೆಲವರು ಬರುವುದನ್ನೇ ಬಿಟ್ಟರು. ಜಾರಿ ಬಿದ್ದು ವಾಪಸು ಬಂದವರಿಗೆ ಅವನು ಎಂದೂ ಯಾಕೆ ಎಂದು ಕೇಳಲಿಲ್ಲ. ಸ್ಟೂಲು ಎಳೆದುಕೊಟ್ಟು, “ಕೂತ್ಕೋ, ಈಗ ಹೇಗಿದೆ?” ಎನ್ನುತ್ತಿದ್ದ. ಅಷ್ಟೇ.

ಆದರೆ ಮೆಟ್ಟಿಲ ಮೇಲಿನ ಆ ಏದುಸಿರು ಹೋಗಲಿಲ್ಲ. ಪರೀಕ್ಷೆ ಮಾಡಿಸಿದರು. ಶ್ವಾಸಕೋಶ ಆಗಲೇ ಸವೆದುಹೋಗಿತ್ತು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಬೇಕು ಎಂದರು.

ಆ ವಾರ ಅವನು ಕೋಣೆಗೆ ಬಂದಾಗ ಕೈಯಲ್ಲಿ ಸಿಗರೇಟು ಇತ್ತು. ಹಚ್ಚಿರಲಿಲ್ಲ. ನಮ್ಮೆಲ್ಲರ ಮುಂದೆ ಕೂತು ಹೇಳಿದ: “ಬಿಟ್ಟ ಮೇಲೆ ಬಂತು. ಬಿಡದೆ ಇದ್ದಾಗ ಚೆನ್ನಾಗಿದ್ದೆ, ಬಿಟ್ಟ ಮೇಲೆ ಬಂತು. ಇನ್ಯಾಕೆ ಬಿಡ್ಬೇಕು? ಒಬ್ರು ಹೇಳಿ. ಒಂದೇ ಒಂದು ಕಾರಣ ಹೇಳಿ.”

ಹೊಲಿಗೆಯಕ್ಕ ಎದ್ದಳು.

“ನೀನು ಸೇದಿದ್ರೆ ನಾನೂ ಸೇದ್ತೀನಿ,” ಎಂದಳು.

“ಹೆದರಿಸ್ತೀಯಾ?”

“ಹೆದರಿಸ್ತಿಲ್ಲ. ಇರೋ ವಿಷಯ ಹೇಳ್ತಿದೀನಿ. ತಾರಸಿಗೆ ಹೋದಾಗೆಲ್ಲ ಕೈ ತುರಿಸುತ್ತೆ. ಆ ಪುಣ್ಯಾತ್ಮ ಕೆಳಗೆ ಸೇದ್ದೆ ಗಾಡಿ ತಳ್ತಿದಾನೆ ಅಂದ್ಕೊಂಡು ಇಳಿದು ಬರ್ತೀನಿ. ನಂಗೆ ಬೇರೆ ಉಪಾಯ ಗೊತ್ತಿಲ್ಲ. ನಿನ್ನ ಎದೆಗೆ ಇದ್ರಿಂದ ಏನು ಲಾಭವೋ ಡಾಕ್ಟರಮ್ಮನ್ನ ಕೇಳು. ನಂಗಂತೂ ಲಾಭ ಇದೆ.”

ಅವನು ಆ ಸಿಗರೇಟನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ಪುಡಿ ಮಾಡಿದ. ಪುಡಿ ಅವನ ಪ್ಯಾಂಟಿನ ಮೇಲೆಲ್ಲ ಬಿತ್ತು. “ದರಿದ್ರದವಳೇ,” ಎಂದ ಅವಳಿಗೆ. ಇಷ್ಟು ಪ್ರೀತಿಯಿಂದ ಬಯ್ದದ್ದನ್ನು ನಾನು ಕೇಳಿಲ್ಲ.

ಆಮೇಲೂ ಅವನು ವರ್ಷಗಟ್ಟಲೆ ಬಂದ. ಗಾಡಿ ತಳ್ಳಲಾಗದಾಗ ಸ್ಟೋರಿನಲ್ಲಿ ಕೂತ. ಅದೂ ಆಗದಾಗ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಗಳ ಕೈ ಹಿಡಿದು ಕೋಣೆಗೆ ಬಂದ. ಹಿಂದೊಮ್ಮೆ ಡಾಕ್ಟರಮ್ಮ ಹೇಳಿದ್ದು ನನ್ನ ನೆನಪಿನಲ್ಲಿದೆ — ಸೇದುತ್ತಲೇ ಇದ್ದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಎಂದು. ಮೊಮ್ಮಗಳಿಗೆ ಬಲೂನು ಊದಿಕೊಡಲು ಅವನಿಗಾಗುತ್ತಿರಲಿಲ್ಲ. ಅವಳೇ ಊದಿ ತಾತನಿಗೆ ಕೊಡುತ್ತಿದ್ದಳು. ಅದನ್ನು ನೋಡುವಷ್ಟು ದಿನ ಅವನಿಗೆ ಸಿಕ್ಕಿತು. ಇದನ್ನು ದೊಡ್ಡ ಗೆಲುವು ಎಂದು ನಾನು ಹೇಳುವುದಿಲ್ಲ. ಗೆಲುವು ಎಂಬ ಮಾತು ಇಲ್ಲಿ ಹೊಂದುವುದೂ ಇಲ್ಲ.

ಕೊನೆಯದಾಗಿ ಒಂದು. ಅವನು ತೀರಿಕೊಂಡ ಸಂಜೆ ವಾರ್ಡಿನಿಂದ ಇಳಿದವನು ನಾನು ಎಲ್ಲಿ ಹೋಗುತ್ತಿದ್ದೇನೆ ಎಂದು ಯೋಚಿಸಲಿಲ್ಲ. ನೋಡಿದರೆ ರಸ್ತೆಯಾಚೆಯ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು, “ಬಹಳ ದಿನ ಆಯ್ತಲ್ಲಣ್ಣ, ಅದೇನಾ?” ಎಂದ. ನನ್ನ ಬಾಯಿ ‘ಹೂಂ’ ಎನ್ನಲು ತೆರೆದಿತ್ತು. ಹೊಲಿಗೆಯಕ್ಕನಿಗೆ ಫೋನ್ ಮಾಡಿದೆ. ಅಂಗಡಿ ಮುಂದೆ ಇದೀನಿ ಎಂದೆ. “ಏನೂ ತಗೋಬೇಡ, ಏನೂ ಮಾತಾಡ್ಬೇಡ, ಅಲ್ಲೇ ನಿಂತಿರು,” ಎಂದಳು. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯಲ್ಲೇ, ಅತ್ತು ಊದಿದ ಮುಖದಲ್ಲೇ ಬಂದಳು. ಸಿಗರೇಟು ನನಗಿಂತ ಅವಳಿಗೇ ಹೆಚ್ಚು ಬೇಕಾಗಿತ್ತು ಎಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಫುಟ್‌ಪಾತಿನಲ್ಲಿ ನಿಂತೆವು. ಅಂಗಡಿಯವನು ನೋಡಿ ನೋಡಿ, ಕೊನೆಗೆ ಕುಡಿಯಲು ನೀರು ಕೊಟ್ಟ.

ಅವತ್ತು ಇಬ್ಬರೂ ಸೇದಲಿಲ್ಲ. ಇವತ್ತೂ ಸೇದಿಲ್ಲ. ನಾಳೆಯದು ಗೊತ್ತಿಲ್ಲ. ಕೋಣೆಯ ಬೀಗದಕೈ ಈಗ ಅವಳ ಹತ್ತಿರ ಇದೆ. ಈ ವಾರವೂ ತೆಗೆಯುತ್ತಾಳೆ. ಬೇಕಾದವರು ಬನ್ನಿ. ಕಿಸೆಯಲ್ಲಿ ಪ್ಯಾಕು ಇಟ್ಟುಕೊಂಡೇ ಬನ್ನಿ, ಯಾರೂ ಮುಟ್ಟಿ ನೋಡುವುದಿಲ್ಲ.

ಇನ್ನು ಸಾಕು. ಆಗುವವರು ಎದ್ದು ನಿಲ್ಲೋಣ, ಆಗದವರು ಕೂತೇ ಇರಿ. ಸ್ವಲ್ಪ ಹೊತ್ತು ಎಲ್ಲರೂ ಮೌನವಾಗಿರೋಣ. ನಡುವೆ ಯಾರಿಗಾದರೂ ಕೆಮ್ಮು ಬಂದರೆ ತಡೆದುಕೊಳ್ಳಬೇಡಿ — ಕೆಮ್ಮಿಬಿಡಿ. ಪಕ್ಕದಲ್ಲಿರುವವರು ಅವರ ಬೆನ್ನ ಮೇಲೊಂದು ಕೈ ಇಡಿ.