ಹೊಗೆಸೊಪ್ಪಿಗೆ ಮಾತ್ರ ದುಡ್ಡಿಲ್ಲ

ನಮ್ಮ ಕ್ರೀ ಆದಿವಾಸಿ ಜನರ ಊರಿನ ಆಸ್ಪತ್ರೆಯಲ್ಲಿ ಸರದಿ ಕಾಯುತ್ತ, ಕಾದ ಕಲ್ಲಿನ ಹಬೆಯಲ್ಲಿ ಕೂತು ಪ್ರಾರ್ಥಿಸುವ ಬೆವರುಗುಡಿಸಲಿನ ಆ ಕಲ್ಲುಗಳೂ ನಮ್ಮ ತಾತಂದಿರೇ ಎಂದು ನನ್ನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮುಳುಗಿದ್ದೆ. ಹಿಂದಿನ ಬೆಂಚಿನಲ್ಲಿ ಮಾತು ಕೇಳಿಸಿತು. ಆ ಗುಡಿಸಲು ನಡೆಸುವ ವರ್ನಾ ಅಜ್ಜಿ, ಮತ್ತು ಕುಡಿತ ಬಿಡಲು ಹೆಣಗುತ್ತಿದ್ದ ಲೀಲೆಂಡ್.

“ಸರ್ಕಾರದ ದುಡ್ಡು ಬಂತಲ್ಲ ಅಜ್ಜಿ, ಗುಡಿಸಲು ಯಾಕೆ ಶುರು ಮಾಡಿಲ್ಲ?”

“ಸೌದೆಗೆ ಕೊಟ್ರು, ಊಟಕ್ಕೆ ಕೊಟ್ರು. ಹೊಗೆಸೊಪ್ಪಿಗೆ ಮಾತ್ರ ಇಲ್ವಂತೆ. ಇದು ಚಟ ಬಿಡಿಸೋ ದುಡ್ಡಂತೆ.”

“ನೀನೇನು ಸೇದ್ತೀಯಾ?”

“ಅಯ್ಯೋ ಮಂಕೇ, ಅದು ಸೇದೋಕಲ್ಲ, ಕಾಣಿಕೆ. ಕೇಳೋರು ಹೊಗೆಸೊಪ್ಪು ನನ್ನ ಕೈಗಿಟ್ಟು ಕೇಳಿದ್ರೇನೇ ನಾನು ಗುಡಿಸಲಿಗೆ ಬೆಂಕಿ ಹಚ್ಚಿ ಕಲ್ಲು ಕಾಯಿಸೋದು. ಅವ್ರಿಗೂ ಹೇಳ್ದೆ. ಹಂಗಾದ್ರೆ ಸಂಬಳ ತಗೊಳ್ಳಿ ಅಂದ್ರು. ಸಂಬಳಕ್ಕೆ ಪ್ರಾರ್ಥನೆ ಮಾಡ್ತಾರೇನೋ?”

“ನಂಗೇನೂ ಅರ್ಥ ಆಗ್ತಿಲ್ಲ. ಈ ಶನಿವಾರ ದಾಟೋದು ಕಷ್ಟ ಅಜ್ಜಿ. ಮತ್ತೆ ಬಾಟ್ಲಿ ಹಿಡಿದುಬಿಡ್ತೀನಿ.”

“ಅದಕ್ಕೆ ಗುಡಿಸಲು ಶುರು ಮಾಡು ಅಂತ ಬರಿಗೈಲಿ ಕೇಳ್ತೀಯಾ?”

ಜೇಬು ತಡಕಿದ ಸದ್ದು.

“ಒಂದೇ ಸಿಗರೇಟು ಉಳಿದಿದೆ. ನಡೆಯುತ್ತಾ?”

“ಸೇದೋಕೆ ಇಟ್ಕೊಂಡಿದ್ದಾ?”

“ಹ್ಞೂಂ. ಹೊರಗೆ ಹೋದ ತಕ್ಷಣ.”

“ಹಂಗಾದ್ರೆ ನಡೆಯುತ್ತೆ. ಕೊಡು. ಏಳು, ಸೌದೆ ಒಡೀಬೇಕು.”

ಇಬ್ಬರೂ ಎದ್ದರು. ಬಾಗಿಲಲ್ಲಿ ಲೀಲೆಂಡ್ ನಿಂತ.

“ಮತ್ತೆ ಸರ್ಕಾರ ಕೊಟ್ಟಿದ್ದೇನು ಅಜ್ಜಿ?”

“ನಂಗೂ ತಿಳೀತಿಲ್ಲ ಕಣೋ. ಸೌದೆ ಇರ್ಬೇಕು.”