ಬಾಯಲ್ಲಿ ಗುಂಡುಸೂಜಿ

…ಬಿತ್ತು ಅಕ್ಕ. ಅಷ್ಟೇ. ನಮ್ಮ ಮಸೂದೆ ಬಿದ್ದೋಯ್ತು. ಬೆಳಿಗ್ಗೆ ಸಮಿತಿ ಸೇರ್ತು, ಟೀ ಬರೋಷ್ಟರಲ್ಲಿ ಎಲ್ಲ ಮುಗಿದಿತ್ತು. ಏಳ್ಬೇಡ ನೀನು, ಕೈಯಲ್ಲಿರೋ ಪ್ಯಾಂಟು ಮುಗಿಸು. ನಾನು ಈ ಸ್ಟೂಲ್ ಎಳ್ಕೊಂಡು ಕೂತ್ಕೋತೀನಿ.

ಏನಾದ್ರೂ ಅನ್ನು. ಬೈಯಿ ಬೇಕಾದ್ರೆ. ಓ… ಬಾಯಲ್ಲಿ ಗುಂಡುಸೂಜಿ. ಸರಿ, ಸರಿ. ಮೊದ್ಲಿಂದ್ಲೂ ನಿಂದು ಅದೊಂದು ಚಟ. ನುಂಗಿದ್ರೆ ಏನು ಗತಿ ಅಂತ ಅಮ್ಮ ಬೈದೂ ಬೈದೂ ಸುಸ್ತಾದ್ಲು. ಇರ್ಲಿ, ನಾನೇ ಹೇಳ್ತೀನಿ, ನೀನು ನನ್ನ ಬಾಯಿ ನೋಡ್ತಾ ಇರು. ಕಿವಿ ಮಷೀನು ಹಾಕ್ಕೊಂಡಿಲ್ಲ ಅಲ್ವಾ? ಇನ್ನೂ ಡ್ರಾಯರಲ್ಲೇ ಬಿದ್ದಿದ್ಯಾ? ಹಾಕ್ಕೊಂಡು ತಾನೇ ಏನು ಮಾಡ್ತೀಯ, ಕುಂಯ್ ಅಂತ ಕೂಗುತ್ತೆ. ಅಂಗಡಿಯವನು ವಾಪಸ್ ತಗೊಳ್ಳಲ್ಲ. ಬೇರೆಯವರು ಬಿಚ್ಚೋ ಹಾಗಿಲ್ಲ, ಕಂಪನಿಯವರೇ ಬಿಚ್ಚಬೇಕು. ಕಂಪನಿಯವರು ಹೇಳ್ತಾರೆ, ದೂರು ಇದ್ರೆ ಫೋನ್ ಮಾಡಿ ಅಂತ. ಕಿವಿ ಕೇಳದೋರಿಗೆ ಫೋನ್ ಮಾಡಿ ಅಂತಾರೆ, ನೋಡು!

ನಗು ಬರ್ಲಿಲ್ವಾ? ಹೋದ ವಾರ ಸಮಿತಿಯಲ್ಲಿ ಇದನ್ನ ಹೇಳಿದಾಗ ಎಲ್ರೂ ನಕ್ಕಿದ್ರು. ನಕ್ಕು ಆಮೇಲೆ ತಲೆ ತಗ್ಗಿಸಿದ್ರು. ಆಗ ಗೆದ್ದೆ ಅಂದ್ಕೊಂಡಿದ್ದೆ. ನಾವು ಕೇಳಿದ್ದಾದ್ರೂ ಏನು? ಒಂದು ತಿಂಗಳು ಹಾಕ್ಕೊಂಡು ನೋಡಿ ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ತಗೊಳ್ಬೇಕು, ರಿಪೇರಿ ಯಾರ ಹತ್ರ ಬೇಕಾದ್ರೂ ಮಾಡಿಸ್ಬೋದು. ಕ್ಯಾಂಟೀನಲ್ಲಿ ಅದಕ್ಕೆ ಹೆಸರೇ ಇಟ್ಟಿದ್ರು, 'ಅಕ್ಕನ ಮಸೂದೆ' ಅಂತ. ನಾನು ಶಾಸಕ ಆದ ಮೇಲೆ ಬರೆದ ಒಂದೇ ಒಂದು ಮಸೂದೆ ಅದು.

ಹೇಗೆ ಬಿತ್ತು ಅಂದ್ರೆ… ಅದೇ, ಧ್ವನಿಮತ. ನಿಂಗೆ ಹೇಳಿದ್ದೆನಲ್ಲ. ಅಧ್ಯಕ್ಷರು ಕೇಳ್ತಾರೆ, ಒಪ್ಪೋರು 'ಹೌದು' ಅನ್ನಿ. ಒಪ್ಪೋರೆಲ್ಲ ಒಟ್ಟಿಗೆ ಕೂಗ್ತಾರೆ. ಒಪ್ಪದೋರು 'ಇಲ್ಲ' ಅನ್ನಿ. ಅವರೂ ಕೂಗ್ತಾರೆ. ಯಾವ ಕಡೆ ಸದ್ದು ಜಾಸ್ತಿನೋ ಆ ಕಡೆ ಗೆಲುವು. ಯಾರು ಏನಂದ್ರು ಅಂತ ಯಾರೂ ಬರ್ಕೊಳ್ಳಲ್ಲ. ಗುಂಪಲ್ಲಿ ಗೋವಿಂದ. ದನಿಗಳೆಲ್ಲ ಕಲಸಿಹೋಗುತ್ತೆ ಅಕ್ಕ, ಪಕ್ಕದಲ್ಲಿ ಕೂತೋನಿಗೂ ಗೊತ್ತಾಗಲ್ಲ.

ನಾನಾ? ನಾನು 'ಹೌದು' ಅಂದೆ. ಇನ್ನೇನು ಅಂತೀನಿ? ಗಂಟಲು ಹರಿಯೋ ಹಾಗೆ ಅಂದೆ. ಆದ್ರೆ ಆ ಕಡೆಯವರ ಗದ್ದಲ…

ಯಾಕೆ ಹಾಗೆ ಕಣ್ಣು ಕಿರಿದು ಮಾಡ್ತೀಯ? ಓ… ಕಿಟಕಿಗೆ ಬೆನ್ನು ಹಾಕಿ ಕೂತಿದ್ದೀನಿ, ಮುಖ ಕತ್ತಲಾಗಿದೆ. ಬೇಕಂತ ಅಲ್ಲ ಅಕ್ಕ, ಗೊತ್ತಾಗ್ಲಿಲ್ಲ. ಹೊಲಿಗೆ ದೀಪ ಯಾಕೆ ಈ ಕಡೆ ತಿರುಗಿಸ್ತೀಯ, ಕಣ್ಣಿಗೆ ಹೊಡೀತಿದೆ. ಪೊಲೀಸ್ ಸ್ಟೇಷನ್ ಆಯ್ತಲ್ಲ ಇದು. ಇರ್ಲಿ ಬಿಡು. ಇರ್ಲಿ.

ನೆನಪಿದ್ಯಾ, ಜ್ವರ ಬಂದು ನಿನ್ನ ಕಿವಿ ಹೋದ ವರ್ಷ? ಕಿಟಕಿ ಗಾಜಿಗೆ ಮೂಗು ಒತ್ತಿ ಇಬ್ರೂ ಕೂರ್ತಿದ್ವಿ. ಎದುರಿನ ಹೋಟೆಲಲ್ಲಿ ಜನ ಏನು ಮಾತಾಡ್ತಾರೆ ಅಂತ ನೀನು ಅವರ ತುಟಿ ನೋಡಿ ಹೇಳ್ಬೇಕು, ನಾನು ಓಡಿಹೋಗಿ ಕೇಳ್ಕೊಂಡು ಬಂದು ಸರಿನಾ ತಪ್ಪಾ ಅನ್ಬೇಕು. ಬೇಸಿಗೆ ಮುಗಿಯೋಷ್ಟರಲ್ಲಿ ನಾನು ಓಡೋದೇ ಬಿಟ್ಟೆ. ನೀನು ತಪ್ಪೇ ಮಾಡ್ತಿರಲಿಲ್ಲ. ನಂಗೂ ಅಷ್ಟೋ ಇಷ್ಟೋ ಬಂತು, ನಿನ್ನ ಜೊತೆ ಕೂತೂ ಕೂತೂ.

ಏನು ಹೇಳ್ತಿದ್ದೆ? ಹಾಂ. 'ಇಲ್ಲ' ಅಂದೋರನ್ನ ಪೂರ್ತಿ ತಪ್ಪು ಅನ್ನೋಕೂ ಆಗಲ್ಲ ಅಕ್ಕ. ಅವರವರ ಕಷ್ಟ ಅವರವರಿಗೆ. ಈ ಕಿವಿ ಮಷೀನು ಕಂಪನಿಯ ಕಾರ್ಖಾನೆ ಇದ್ಯಲ್ಲ, ರೈಲ್ವೆ ಗೇಟಿನ ಹತ್ರ… ಹೌದು, ನನ್ನ ಕ್ಷೇತ್ರದಲ್ಲೇ. ಅಲ್ಲಿ ಎಷ್ಟು ಹೆಂಗಸರು ಕೆಲಸ ಮಾಡ್ತಾರೆ ಗೊತ್ತಲ್ಲ, ನಿನ್ನ ಗಿರಾಕಿಗಳೇ ಅರ್ಧ. ಕಂಪನಿ ಕಡೆ ಒಬ್ಬ ಮನುಷ್ಯ ಬರ್ತಾನೆ, ಸದಾ ನಗ್ತಾನೇ ಇರ್ತಾನೆ. ಮೊನ್ನೆ ಮೆಟ್ಟಿಲ ಹತ್ರ ನಿಲ್ಲಿಸಿ, ಹಾಗೇ ನಗ್ತಾ ಅಂದ, ಈ ಕಾಯ್ದೆ ಬಂದ್ರೆ ನಾವು ಪಕ್ಕದ ರಾಜ್ಯಕ್ಕೆ ಹೋಗ್ತೀವಿ ಸಾರ್, ಆ ಹೆಂಗಸರಿಗೆ ಉತ್ತರ ನೀವೇ ಹೇಳ್ಕೊಳ್ಳಿ. ಹಾಗಂದ್ರೆ ಯಾರಾದ್ರೂ ಏನು ಮಾಡ್ತಾರೆ ಹೇಳು.

ಯಾರಿಗಂದ ಅಂದ್ರೆ… ಎಲ್ರಿಗೂ ಅಂದ. ನಂಗೂ ಅಂದ. ನೀನೇನೂ ಕೇಳೇ ಇಲ್ಲ, ಅಲ್ವಾ? ನಾನೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಕೊಳ್ತಿದ್ದೀನಿ. ಹಾಗಲ್ಲ ಅಕ್ಕ. ಮನಸ್ಸಿಗೆ ಬೇಜಾರಾಗಿದೆ, ಅದಕ್ಕೇ ಬಾಯಿ ಓಡ್ತಿದೆ.

ಸೆಕೆ ಇಲ್ಲಿ. ಎದ್ದು ಒಂದು ಸುತ್ತು ಓಡಾಡ್ತೀನಿ. ಈ ಇಸ್ತ್ರಿಪೆಟ್ಟಿಗೆ ಇನ್ನೂ ಹಳೇದೇ ಇಟ್ಕೊಂಡಿದ್ಯಾ… ಈ ಬಟನ್ ಡಬ್ಬಿ… ಹೌದಪ್ಪ ಹೌದು, ಗಟ್ಟಿಯಾಗೇ 'ಹೌದು' ಅಂದೆ, ಅಷ್ಟೇ ಸಾಕು…

ಏನು? ಎಲ್ಲಿ ತೋರಿಸ್ತೀಯ? ಓ. ಕನ್ನಡಿ. ಬೆನ್ನು ತಿರುಗಿಸಿದ್ರೂ ಕನ್ನಡಿಯಲ್ಲಿ ಬಾಯಿ ಕಾಣುತ್ತೆ. ಗಿರಾಕಿಗಳು ಅಳತೆ ನೋಡ್ಕೊಳ್ಳೋಕೆ ಇಟ್ಟಿದ್ದೀಯ ಅಂದ್ಕೊಂಡಿದ್ದೆ ಇಷ್ಟು ದಿನ.

ಬೆರಳು ಯಾಕೆ ಮಡಿಸ್ತೀಯ? ಒಂದು, ಎರಡು… ಎಣಿಸೋದಾ? ಹಾಂ, ಅದೂ ಹೇಳಿದ್ದೆ ನಿಂಗೆ. ಯಾರಾದ್ರೂ ಒಬ್ಬ ಸದಸ್ಯ ಎದ್ದು ನಿಂತು 'ಎಣಿಸಿ' ಅಂದ್ರೆ ಸಾಕು, ಒಬ್ಬೊಬ್ಬರ ಹೆಸರು ಕೂಗಿ ಕೇಳ್ಬೇಕಾಗುತ್ತೆ ಅಂತ. ನೆನಪಿಟ್ಕೊಂಡಿದ್ದೀಯ. ಯಾಕೆ ಏಳ್ಲಿಲ್ಲ ಅಂತ ತಾನೇ? ಹೊಳೀಲಿಲ್ಲ ಅಕ್ಕ. ಆ ಗಡಿಬಿಡಿಯಲ್ಲಿ… ನನ್ನ ಮಸೂದೆ, ನಾನೇ ಏಳ್ಬೇಕಿತ್ತು, ಒಪ್ಪಿದೆ. ಹೊಳೀಲಿಲ್ಲ.

ಇದಾ? ಈ ಪೆಟ್ಟಿಗೆನಾ? ನಿಂಗೇ ತಗೊಂಡ್ಬಂದೆ, ಆಮೇಲೆ ಕೊಡೋಣ ಅಂತಿದ್ದೆ. ತೆಗೆದು ನೋಡು. ಹೊಸ ಜೋಡಿ ಕಿವಿ ಮಷೀನು, ಕುಂಯ್ ಅನ್ನಲ್ಲ, ಫೋನೂ ಕೇಳ್ಸುತ್ತೆ. ಮಸೂದೆ ಹೋದ್ರೆ ಹೋಗ್ಲಿ, ನಿಂಗಂತೂ ಕೇಳ್ಸುತ್ತಲ್ಲ, ಅದಕ್ಕೇ ತಾನೇ ನಾನು ಇಷ್ಟೆಲ್ಲ ಮಾಡಿದ್ದು? ಹಾಕ್ಕೋ ಅಕ್ಕ. ಒಂದ್ಸಲ ಹಾಕ್ಕೊಂಡು ನನ್ನ ದನಿ ಕೇಳು. ಎಷ್ಟು ವರ್ಷ ಆಯ್ತು ನೀನು ನನ್ನ ದನಿ ಸರಿಯಾಗಿ ಕೇಳಿ.

ಯಾಕೆ ತಳ್ತೀಯ? ಅದೇ ಕಂಪನಿದು, ಹೌದು, ಪೆಟ್ಟಿಗೆ ಮೇಲೇ ಇದೆ. ಅದೇ ಕಂಪನಿದು ಆದ್ರೇನು, ಒಳ್ಳೇದು ಮಾಡಿದ್ದಾರೆ ಈ ಸಲ. ಅಂಗಡಿಗೆ ಹೋಗಿ ತಗೊಂಡೆ. ನಾನೇ. ಯಾವ ಅಂಗಡಿ ಅಂದ್ರೆ… ಸುಮ್ನೆ ನೋಡ್ಬೇಡ ಅಕ್ಕ ಹಾಗೆ. ನಿನ್ನ ಕಿವಿ ಮೇಲೆ ಹೂ ಇಡ್ತಿದ್ದೀನಿ ಅಂದ್ಕೊಂಡ್ಯಾ? ಸರಿ, ಅವನು ಕೊಟ್ಟ. ಆ ನಗೋ ಮನುಷ್ಯ. ನಿಮ್ಮ ಅಕ್ಕನವರ ವಿಷಯ ಕೇಳಿ ಸಂಕಟ ಆಯ್ತು ಸಾರ್ ಅಂದ. ಕೊಟ್ಟಿದ್ದು ಅಷ್ಟಕ್ಕೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಹೌದು ಅಂತಲೇ ಅಂದೆ.

ಸರಿ, ಬಿಡು. ನಂಬಲ್ಲ ಅಂದ್ರೆ ನಾನು ಹೊರಟೆ. ನನ್ನ ಕೋಟು ಎಲ್ಲಿ ಹಾಕಿದೆ… ಈ ಗೂಟಕ್ಕೆ ತಾನೇ? ಇದು ನಿಂದು.

ಇದು ಏನು ಅಕ್ಕ, ನಿನ್ನ ಕೋಟಿನ ಮೇಲೆ? ಈ ಹಳದಿ ಬಿಲ್ಲೆ?

ಸಭೆ ನೋಡೋಕೆ ಬಂದೋರಿಗೆ ಎದೆ ಮೇಲೆ ಅಂಟಿಸೋದು ಇದು. ದಿನಕ್ಕೊಂದು ಬಣ್ಣ. ನಿನ್ನೆ ನೀಲಿ ಇತ್ತು.

ಬರ್ಬೇಡ ಅಂದಿದ್ದೆನಲ್ಲ. ಜನ ಕೂರೋದು ದಪ್ಪ ಗಾಜಿನ ಆಚೆ, ಒಳಗಿನ ಸದ್ದು ಕಿವಿ ಚೆನ್ನಾಗಿರೋರಿಗೇ ಕೇಳ್ಸಲ್ಲ, ನೀನು ಬಂದು ಏನು ಮಾಡ್ತೀಯ ಅಂದಿದ್ದೆ… ಗಾಜು. ಗಾಜಿನ ಮೂಲಕ ಬಾಯಿ ಕಾಣುತ್ತೆ, ಅಲ್ವಾ ಅಕ್ಕ. ಯಾವ ಕಡೆ ಕೂತಿದ್ದೆ ನೀನು? ನನ್ನ ಎದುರಿಗೇನಾ? ನಾನು ಒಂದ್ಸಲಾನೂ ತಲೆ ಎತ್ತಿ ನೋಡ್ಲಿಲ್ಲ.

ಹೇಳು. ಏನಾದ್ರೂ ಹೇಳು. ಆ ಸೂಜಿ ತೆಗಿ ಮೊದ್ಲು… ಹಾಂ. ನಿಧಾನಕ್ಕೆ. ಇನ್ನೊಂದಿದೆ.

…ದನಿ ಮಾಡಿ ಹೇಳು ಅಕ್ಕ. ಬರೀ ತುಟಿ ಆಡಿಸ್ಬೇಡ, ಚಿಕ್ಕೋರಿದ್ದಾಗಿನ ಹಾಗೆ. ನಂಗೆ ಈಗ ಓದೋಕೆ ಬರಲ್ಲ. ಮರೆತೋಗಿದೆ.

ಇನ್ನೊಂದ್ಸಲ ಬೇಡ. ಬೇಡ ಅಂದೆನಲ್ಲ. ಓದಿದೆ. 'ಹೌದು' ಅನ್ನೋಕೆ ತುಟಿ ದುಂಡಗಾಗ್ಬೇಕು. ನಿಂದು ದುಂಡಗಾಗ್ಲಿಲ್ಲ.

ಬೆಳಿಗ್ಗೆ ನಂದೂ ಆಗ್ಲಿಲ್ಲ.

ಕೇಳು, ಅಲ್ಲ, ನೋಡು, ನಾನು ಹೇಳ್ತೀನಿ. ಪೂರ್ತಿ ಹೇಳ್ತೀನಿ. ಬಾಗಿಲವರೆಗೂ ಹೌದು ಅಂತಲೇ ಅಂದ್ಕೊಂಡು ಹೋದೆ. ಸದ್ದಲ್ಲಿ ಸದ್ದು ಬೆರೆತುಹೋಗುತ್ತೆ, ಯಾರಿಗೂ ಗೊತ್ತಾಗಲ್ಲ ಅಂತ… ಕನ್ನಡಿ ಮೇಲೆ ಯಾಕೆ ಬಟ್ಟೆ ಎಳೀತೀಯ? ಎಳೀಬೇಡ. ಆ ಪ್ಯಾಂಟು ನಾಳೆ ಹೊಲಿ. ಮಷೀನು ನಿಲ್ಸು. ಒಂದ್ಸಲ ಈ ಕಡೆ ತಿರುಗು, ಅಕ್ಕ. ನಾನು ಈಗ ನಿಜಾನೇ ಹೇಳ್ತಿದ್ದೀನಿ, ನೀನು ತಿರುಗ್ದೆ ಇದ್ರೆ ಅದು ಯಾರಿಗೆ ಕೇಳ್ಸುತ್ತೆ?