ಯುವರ್ ಹೋಗಿ ಮೈ ಬಂತು

ಬಸ್ಸಿನಲ್ಲಿ ಅಕ್ಕತಂಗಿಯರ ಹಿಂದೆ ಕೂತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ತಂಗಿ ಅಕ್ಕನಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು.

“ಬೇರೆಯವರ ಮಾತನ್ನ ನೀನು ಹೇಳುವಾಗ ‘ಐ’ ಹೋಗಿ ‘ಹೀ’ ಆಗುತ್ತೆ. ಒಂದು ವಾಕ್ಯ ಹೇಳು.”

“ಕನ್ನಡಕದಂಗಡಿಯವರು ನಂಗೆ ಹೇಳಿದ್ರು, ‘ಐ ಲೈಕ್ ಯುವರ್ ಸಿಸ್ಟರ್’.”

“ಸುಲಭ. ‘ಹೀ ಸೆಡ್ ದಟ್ ಹೀ ಲೈಕ್ಡ್...’ ಇಲ್ಲಿ ‘ಯುವರ್’ ಹೋಗಿ ‘ಮೈ’ ಬರುತ್ತೆ. ‘ಮೈ ಸಿಸ್ಟರ್’.”

“ಅಂದ್ರೆ ಯಾರ ತಂಗಿ?”

“ನಿನ್ನ ತಂಗೀನೇ ಕಣಕ್ಕಾ, ಅಷ್ಟೂ ಗೊತ್ತಾಗಲ್ವಾ?”

“ನಂಗೆ ಎಷ್ಟು ಜನ ತಂಗೀರು?”

“ಒಬ್ಳೇ...” ತಂಗಿಯ ಕೈ ತನ್ನ ಕನ್ನಡಕಕ್ಕೆ ಹೋಯಿತು. “ಅಯ್ಯೋ! ನಿಜವಾಗ್ಲೂ ಹಾಗಂದ್ರಾ? ಮೈಯೆಲ್ಲಾ ಜುಮ್ ಅಂತಿದೆ!”

“ಸಡಿಲವೇ ಆಗದ ಕನ್ನಡಕಾನ ವಾರವಾರ ಬಿಗಿ ಮಾಡಿಸೋಕೆ ಹೋದ್ರೆ ಇನ್ನೇನಂತಾರೆ?”

ದರ್ಜಿ ಇಳಿಯಬೇಕಾದ ಸ್ಟಾಪು ಹಿಂದೆ ಹೋಯಿತು. ಮುಂದಿನದರಲ್ಲಿ ತಂಗಿ ದಡಕ್ಕನೆ ಎದ್ದು ಬಾಗಿಲಿಗೆ ಓಡಿದಳು.

“ಏಯ್, ಇದು ನಮ್ಮ ಸ್ಟಾಪಲ್ಲ ಕಣೇ!”

“ನಮ್ದಲ್ಲ ಅಕ್ಕಾ, ಅವರಂಗಡೀದು!”